ಇಂಪ್ಲಾಂಟ್ ಹಾಕಿಸಿದ ಮೇಲೆ ದವಡೆ ಎಲುಬಿನ ಮೇಲೆ ಕಣ್ಣಿಡುವುದು ಹೇಗೆ

ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಬೇರಿನ ಬದಲು ದವಡೆ ಎಲುಬಿಗೆ ಕೂರಿಸುವ ಟೈಟಾನಿಯಂ ಸ್ಕ್ರೂ, ಅದರ ಮೇಲೆ ಬರುವ ಕೃತಕ ಹಲ್ಲು ಕ್ಯಾಪ್. ಇಂಪ್ಲಾಂಟಿನ ಮೇಲೆ ಕ್ಯಾಪ್ ಕೂರಿಸಿದ ದಿನವೇ ಒಂದು ಎಕ್ಸ್‌ರೇ ತೆಗೆಸಿ. ಅದರ ಪ್ರತಿ ಕೇಳಿ ತೆಗೆದುಕೊಳ್ಳಿ, ಜೋಪಾನವಾಗಿ ಇಡಿ. ಇದರ ಮುಂದೆ ಓದಲು ಪುರುಸೊತ್ತು ಇಲ್ಲದಿದ್ದರೂ ಇದೊಂದನ್ನು ಮಾತ್ರ ಮಾಡಿ.

ನಾನು ಉಡುಪಿಯಲ್ಲಿ ಹಲ್ಲಿನ ಡಾಕ್ಟರ್. ಹತ್ತು ಹದಿನೈದು ವರ್ಷ ಹಿಂದೆ ಹಾಕಿಸಿದ ಇಂಪ್ಲಾಂಟ್ ತೋರಿಸಲು ಬರುವವರು ಈಗ ಜಾಸ್ತಿ ಆಗಿದ್ದಾರೆ. ಕೆಲವರು ಮುಂಬೈಯಲ್ಲಿ ಹಾಕಿಸಿದವರು, ಕೆಲವರು ದುಬೈ, ದೋಹಾದಲ್ಲಿ, ಕೆಲವರು ಇಲ್ಲೇ ಮಂಗಳೂರಿನಲ್ಲಿ. ಎಕ್ಸ್‌ರೇ ತೆಗೆದು ನೋಡಿದರೆ ಎಲುಬು ಎರಡು ಮಿಲಿಮೀಟರ್ ಸವೆದಿರುತ್ತದೆ. ಈ ಎರಡು ಮಿಲಿಮೀಟರ್ ಮೊದಲ ವರ್ಷವೇ ಸವೆದು ಅಲ್ಲಿಗೇ ನಿಂತದ್ದಾ, ಅಥವಾ ಹೋದ ಆರು ತಿಂಗಳಲ್ಲಿ ಸವೆದದ್ದಾ? ಹಳೆಯ ಚಿತ್ರ ಇಲ್ಲದೆ ಯಾವ ಡಾಕ್ಟರಿಗೂ ಹೇಳಲು ಆಗುವುದಿಲ್ಲ. ಮೊದಲನೆಯದಾದರೆ ನೋಡಿಕೊಂಡು ಸುಮ್ನೆ ಇರಬಹುದು. ಎರಡನೆಯದಾದರೆ ಇವತ್ತೇ ಕೆಲಸ ಶುರು ಮಾಡಬೇಕು. ಎಷ್ಟು ದೊಡ್ಡ ವ್ಯತ್ಯಾಸ ನೋಡಿ.

ಎಲುಬು ಏಕೆ ಬದಲಾಗುತ್ತದೆ

ಟೈಟಾನಿಯಂಗೆ ಹುಳುಕು ಹಿಡಿಯುವುದಿಲ್ಲ. ಅದರ ಸುತ್ತ ಇರುವ ಎಲುಬಿಗೆ ಮಾತ್ರ ಜೀವ ಉಂಟು. ಅದು ಕರಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ, ಆಯುಷ್ಯ ಪೂರ್ತಿ ಅದೇ ಕೆಲಸ.

ಈ ಬದಲಾವಣೆ ಶುರುವಾಗುವುದು ಇಂಪ್ಲಾಂಟಿಗೂ ಮೊದಲೇ, ಹಲ್ಲು ಕಿತ್ತ ದಿನದಿಂದ. ಬೇರನ್ನು ಅಪ್ಪಿ ಹಿಡಿದಿದ್ದ ಎಲುಬಿಗೆ ಬೇರು ಹೋದ ಮೇಲೆ ಕೆಲಸವಿಲ್ಲ, ಹಾಗಾಗಿ ಅದು ಕರಗುತ್ತದೆ. ದವಡೆ ಹಲ್ಲಿನ ಜಾಗದಲ್ಲಿ ಒಂದು ವರ್ಷದೊಳಗೆ ಎಲುಬಿನ ಅಗಲ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಬಹುದು. ಅದರಲ್ಲಿ ಮೂರನೇ ಎರಡು ಪಾಲು ಹೋಗುವುದು ಮೊದಲ ಮೂರು ತಿಂಗಳಲ್ಲೇ. ಕೆನ್ನೆ ಕಡೆಯ ಗೋಡೆ ಮೊದಲೇ ತೆಳು, ಹೆಚ್ಚು ಕರಗುವುದೂ ಅದೇ. "ಕಿತ್ತು ಆಯ್ತಲ್ಲ, ಇಂಪ್ಲಾಂಟ್ ಮುಂದಿನ ವರ್ಷ ನೋಡುವ" ಅನ್ನುವವರು ಇದನ್ನು ತಿಳಿದುಕೊಂಡು ನಿರ್ಧಾರ ಮಾಡಬೇಕು.

ಟೈಟಾನಿಯಂ ಎಲುಬಿನ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ ಅಂತ ತೋರಿಸಿಕೊಟ್ಟವರು ಸ್ವೀಡನ್ನಿನ ಪೆರ್-ಇಂಗ್ವರ್ ಬ್ರೊನೆಮಾರ್ಕ್. 1950ರ ದಶಕದಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ಇಟ್ಟಿದ್ದ ಟೈಟಾನಿಯಂ ಉಪಕರಣವನ್ನು ವಾಪಸ್ ತೆಗೆಯಲು ಹೋದರೆ ಅದು ಬರಲೇ ಇಲ್ಲ, ಎಲುಬು ಅದಕ್ಕೆ ಅಂಟಿಕೊಂಡು ಬೆಳೆದಿತ್ತು. 1965ರಲ್ಲಿ ಅವರು ಮೊದಲ ಬಾರಿ ಮನುಷ್ಯರ ದವಡೆಗೆ ಹಾಕಿದರು. ನಮ್ಮ ಮಣಿಪಾಲದಲ್ಲಿ ಡೆಂಟಲ್ ಕಾಲೇಜು ಶುರುವಾದದ್ದೂ ಅದೇ 1965ರಲ್ಲಿ. ಬ್ರೊನೆಮಾರ್ಕ್ ಅವರ ಆ ಮೊದಲ ರೋಗಿ ಯೋಸ್ಟಾ ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ ಇಂಪ್ಲಾಂಟುಗಳು ಅವರ ಬಾಯಲ್ಲಿ ಕೆಲಸ ಮಾಡುತ್ತಿದ್ದವು. ನಲವತ್ತು ವರ್ಷ! ಹಾಗಾಗಿ "ಇದು ಎಷ್ಟು ವರ್ಷ ಬರ್ತದೆ ಡಾಕ್ಟ್ರೇ" ಅಂತ ಕೇಳಿದರೆ ನನ್ನ ಉತ್ತರ, ಎಲುಬು ಎಷ್ಟು ವರ್ಷ ಉಳಿಯುತ್ತದೋ ಅಷ್ಟು ವರ್ಷ.

ಇಂಪ್ಲಾಂಟ್ ಕೂರಿಸಿದ ಮೂರು ನಾಲ್ಕು ವಾರಕ್ಕೆ ಅದರ ಬಿಗಿ ಸ್ವಲ್ಪ ಕಡಿಮೆಯಾಗುತ್ತದೆ. ಹಳೆ ಎಲುಬು ಕರಗುತ್ತಾ ಇರುತ್ತದೆ, ಹೊಸತು ಇನ್ನೂ ಗಟ್ಟಿಯಾಗಿರುವುದಿಲ್ಲ. "ಎಂತ ನೋವೂ ಇಲ್ಲ" ಅಂತ ಆ ಬದಿಯಲ್ಲಿ ಗಟ್ಟಿ ಚಕ್ಕುಲಿ ಜಗಿಯಲು ಹೋಗಬಾರದ ಸಮಯ ಇದೇ. ಮೂರರಿಂದ ಆರು ತಿಂಗಳಲ್ಲಿ ಎಲುಬು ಹಿಡಿದುಕೊಳ್ಳುತ್ತದೆ.

ಕ್ಯಾಪ್ ಬಂದ ಮೇಲಿನ ಮೊದಲ ವರ್ಷ ಇಂಪ್ಲಾಂಟಿನ ಕುತ್ತಿಗೆ ಹತ್ತಿರ ಒಂದರಿಂದ ಒಂದೂವರೆ ಮಿಲಿಮೀಟರ್ ಎಲುಬು ಕಡಿಮೆಯಾಗುವುದು ಉಂಟು. ಒಸಡು ಇಂಪ್ಲಾಂಟಿನ ಸುತ್ತ ಮೂರು ನಾಲ್ಕು ಮಿಲಿಮೀಟರ್ ಎತ್ತರದ ಒಂದು ತಡೆ ಕಟ್ಟಿಕೊಳ್ಳುತ್ತದೆ, ಅದಕ್ಕೆ ಜಾಗ ಸಾಲದಿದ್ದರೆ ಎಲುಬು ಹಿಂದೆ ಸರಿದು ಜಾಗ ಬಿಡುತ್ತದೆ. ಇದು ಕಾಯಿಲೆ ಅಲ್ಲ, ಹೆದರಬೇಡಿ. ಇಂಪ್ಲಾಂಟಿಗೂ ಕ್ಯಾಪಿಗೂ ನಡುವಿನ ತುಂಡನ್ನು ಇಂಪ್ಲಾಂಟಿಗಿಂತ ಸ್ವಲ್ಪ ಕಡಿಮೆ ಅಗಲ ಇಟ್ಟು ಮಾಡುವ ಈಗಿನ ವಿನ್ಯಾಸಗಳಲ್ಲಿ ಇದು ಇನ್ನೂ ಕಡಿಮೆ. ಎರಡನೇ ವರ್ಷದಿಂದ ಲೆಕ್ಕ ಬೇರೆ. 1986ರಿಂದ ಬಳಕೆಯಲ್ಲಿರುವ ಅಳತೆ ಪ್ರಕಾರ ವರ್ಷಕ್ಕೆ 0.2 ಮಿಲಿಮೀಟರಿಗಿಂತ ಹೆಚ್ಚು ಸವೆಯಬಾರದು. ಚೆನ್ನಾಗಿ ನೋಡಿಕೊಂಡ ಇಂಪ್ಲಾಂಟಿನಲ್ಲಿ ಅಷ್ಟೂ ಸವೆಯುವುದಿಲ್ಲ, ವರ್ಷಗಟ್ಟಲೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ.

ಕಷ್ಟ ಎಲ್ಲಿ ಅಂದರೆ, ಸವೆತ ಶುರುವಾದರೆ ನಿಮಗೆ ಗೊತ್ತೇ ಆಗುವುದಿಲ್ಲ. ಸ್ವಂತ ಹಲ್ಲಿನ ಬೇರಿನ ಸುತ್ತ ತೆಳು ನಾರಿನ ಪದರ ಉಂಟು, ಒತ್ತಡ ಸ್ವಲ್ಪ ಹೆಚ್ಚಾದರೂ ಅದು ತಿಳಿಸುತ್ತದೆ. ಇಂಪ್ಲಾಂಟಿಗೆ ಆ ಪದರವೇ ಇಲ್ಲ. ಉಳ್ಳಾಲದ ಕಡೆ ಕಡಲ್ಕೊರೆತ ನೋಡಿದವರಿಗೆ ಬೇಗ ಅರ್ಥವಾಗಬಹುದು: ತೆಂಗಿನ ಮರದ ಬುಡದ ಮಣ್ಣು ಅರ್ಧ ಹೋಗಿರುತ್ತದೆ, ಮೇಲೆ ಗರಿ ಹಸಿರು, ಕಾಯಿಯೂ ಇರುತ್ತದೆ. ನೋವು ಬಂದ ಮೇಲೆ ತೋರಿಸುವ ಅಂತ ಕಾದರೆ ತಡವಾಗಿರುತ್ತದೆ.

ಎಕ್ಸ್‌ರೇ ತೆಗೆಸುವುದು, ಇಡುವುದು, ಓದುವುದು

ಬೇಕಾದದ್ದು ಒಂದೆರಡು ಹಲ್ಲು ಮಾತ್ರ ಕಾಣುವ ಸಣ್ಣ ಎಕ್ಸ್‌ರೇ. ಕ್ಲಿನಿಕ್‌ನಲ್ಲಿ ಐಒಪಿಎ ಅನ್ನುತ್ತಾರೆ. ಇದರ ವಿಕಿರಣ ತೀರಾ ಕಡಿಮೆ. ಇಡೀ ದವಡೆ ಕಾಣುವ ಒಪಿಜಿ ಒಟ್ಟು ನೋಟಕ್ಕೆ ಸರಿ, ಅರ್ಧ ಮಿಲಿಮೀಟರ್ ವ್ಯತ್ಯಾಸ ಹಿಡಿಯಲು ಅದು ಸಾಲದು. ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಎಲ್ಲದಕ್ಕಿಂತ ಒಳ್ಳೆಯದು ಅಂತ ಕೆಲವರು ದುಡ್ಡು ಕೊಟ್ಟು ತೆಗೆಸಿಕೊಂಡೇ ಬರುತ್ತಾರೆ. ಲೋಹದ ಪಕ್ಕದಲ್ಲೇ ಆ ಚಿತ್ರ ಕಲಸಿಹೋಗುತ್ತದೆ, ನಮಗೆ ನೋಡಬೇಕಾದ ಜಾಗವೂ ಅದೇ. ಇಂಪ್ಲಾಂಟ್ ಹಾಕುವ ಮೊದಲು ಎಲುಬು ಅಳೆಯಲು ಸಿಬಿಸಿಟಿ ಬೇಕು, ಪ್ರತಿವರ್ಷದ ತಪಾಸಣೆಗೆ ಬೇಡ.

ಮೊದಲ ಎಕ್ಸ್‌ರೇ ಕ್ಯಾಪ್ ಕೂರಿಸಿದ ದಿನ. ಎರಡನೆಯದು ಸರಿಯಾಗಿ ಒಂದು ವರ್ಷಕ್ಕೆ. ಮುಂದಿನ ಎಲ್ಲಾ ಹೋಲಿಕೆಯೂ ಇವೆರಡರ ಮೇಲೆಯೇ ನಿಲ್ಲುವುದು. ಆಮೇಲೆ ಎಷ್ಟು ಸಮಯಕ್ಕೊಮ್ಮೆ ಅನ್ನುವುದು ನಿಮ್ಮ ಒಸಡು ನೋಡಿ ಡಾಕ್ಟರ್ ಹೇಳುತ್ತಾರೆ. ಗಲ್ಫಿನಲ್ಲಿ ಇರುವವರಿಗೆ ಅಲ್ಲಿನ ಶಾಲೆ ರಜೆ ಇಲ್ಲಿನ ಆಟಿ ಮಳೆಗೆ ಸರಿ ಬರುತ್ತದೆ, ಊರಿಗೆ ಬಂದಾಗ ಅದೊಂದು ಅಪಾಯಿಂಟ್‌ಮೆಂಟ್ ಮೊದಲೇ ಇಟ್ಟುಕೊಳ್ಳಿ. ರಜೆಯ ಕೊನೇ ಎರಡು ದಿನಕ್ಕೆ ಇಡಬೇಡಿ ಮಾರಾಯ್ರೇ, ಏನಾದರೂ ಕಂಡರೆ ಮಾಡಲು ಸಮಯ ಬೇಕು.

ಪ್ರತಿ ಕೇಳುವಾಗ ಸ್ಕ್ರೀನಿನ ಫೋಟೋ ಹೊಡೆದುಕೊಂಡು ಬರಬೇಡಿ. ಫೈಲನ್ನೇ ಇಮೇಲ್ ಮಾಡಲು ಹೇಳಿ. ವಾಟ್ಸಾಪ್ ಆದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಇಲ್ಲದಿದ್ದರೆ ಗುಣಮಟ್ಟ ಇಳಿಯುತ್ತದೆ. ಹಳೇ ಕಾಲದ ಫಿಲ್ಮ್ ಇದ್ದರೆ ಅದನ್ನು ಸ್ಕ್ಯಾನ್ ಮಾಡಿಸಿಡಿ. ಕಾಪು ಕಡೆಯ ಒಬ್ಬರು ಅಮ್ಮ ಹಳೆಯ ಫಿಲ್ಮನ್ನು ಸೀರೆ ಅಂಗಡಿಯ ಕವರಿನಲ್ಲಿ ಇಟ್ಟು ತಂದಿದ್ದರು. ಅಂಚು ಹಳದಿಯಾಗಿತ್ತು, ಒಂದು ಮೂಲೆಯಲ್ಲಿ ಮಳೆಗಾಲದ ಬೂಷ್ಟು. ಆದರೂ ಇಂಪ್ಲಾಂಟಿನ ತುದಿಯಿಂದ ಕುತ್ತಿಗೆಯವರೆಗೆ ತ್ರೆಡ್ (ಸ್ಕ್ರೂವಿನ ಮೇಲಿನ ಸುರುಳಿ ಗೆರೆ) ಒಂದೊಂದೂ ಕಾಣುತ್ತಿತ್ತು. ಅದನ್ನು ಹೊಸ ಎಕ್ಸ್‌ರೇ ಪಕ್ಕ ಹಿಡಿದು ಎಣಿಸಿದೆವು. ಅಂದು ಎಲುಬು ಎರಡನೇ ತ್ರೆಡ್ಡಿನ ಮಟ್ಟಕ್ಕೆ ಇತ್ತು, ಇಂದೂ ಅಲ್ಲೇ. ಅವರಿಗೆ ಯಾವ ಚಿಕಿತ್ಸೆಯೂ ಬೇಕಾಗಲಿಲ್ಲ, ಕ್ಲೀನಿಂಗ್ ಮಾಡಿ ಕಳಿಸಿದೆ.

ತ್ರೆಡ್ ಎಣಿಸುವುದನ್ನು ನೀವೂ ಕಲಿಯಬಹುದು. ಎಕ್ಸ್‌ರೇಯಲ್ಲಿ ಇಂಪ್ಲಾಂಟ್ ಬಿಳಿ, ಎಲುಬು ಬೂದು, ಒಸಡಿನ ಜಾಗ ಕಪ್ಪು. ಬೂದು ಬಣ್ಣ ಇಂಪ್ಲಾಂಟನ್ನು ಎಲ್ಲಿ ಮುಟ್ಟುತ್ತದೆ, ಮೇಲಿನಿಂದ ಎಷ್ಟನೇ ತ್ರೆಡ್ ಅಂತ ನೋಡಿ. ಎರಡೂ ಬದಿ ನೋಡಿ. ಎರಡು ತ್ರೆಡ್ಡಿನ ನಡುವಿನ ಅಂತರ ಕಂಪನಿಯಿಂದ ಕಂಪನಿಗೆ ಬೇರೆ, ಅದು ಗೊತ್ತಿದ್ದರೆ ಮಿಲಿಮೀಟರಿನಲ್ಲೇ ಹೇಳಬಹುದು. ಹೋಲಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡೂ ಬದಿಯ ತ್ರೆಡ್ ಹರಿತವಾಗಿ ಕಂಡರೆ ಎಕ್ಸ್‌ರೇ ಸರಿಯಾದ ಕೋನದಲ್ಲಿ ಬಂದಿದೆ. ತ್ರೆಡ್ ಮಸುಕಾಗಿದ್ದರೆ ಯಂತ್ರ ಓರೆಯಾಗಿತ್ತು, ಆ ಚಿತ್ರ ನಂಬಿ ಲೆಕ್ಕ ಹಾಕಬಾರದು, ಇನ್ನೊಮ್ಮೆ ತೆಗೆಸಿ. ಇಂಪ್ಲಾಂಟಿನ ಪಕ್ಕ ಬಟ್ಟಲಿನ ಆಕಾರದ ಕಪ್ಪು ಗುಳಿ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಈ ಎಕ್ಸ್‌ರೇಯಲ್ಲಿ ಕಾಣುವುದು ಎರಡು ಪಕ್ಕದ ಎಲುಬು ಮಾತ್ರ. ಕೆನ್ನೆ ಕಡೆಯದ್ದು, ನಾಲಗೆ ಕಡೆಯದ್ದು ಇಂಪ್ಲಾಂಟಿನ ನೆರಳಲ್ಲಿ ಅಡಗಿರುತ್ತದೆ. ಅದಕ್ಕೇ ಡಾಕ್ಟರ್ ಪ್ರೋಬ್, ಅಂದರೆ ಅಳತೆ ಗುರುತು ಇರುವ ಸಪೂರ ಕಡ್ಡಿ, ಒಸಡಿನ ಸಂದಿಗೆ ಹಾಕಿ ಸುತ್ತಲೂ ಆಳ ಅಳೆಯುವುದು.

ಎಕ್ಸ್‌ರೇ ಜೊತೆಗೆ ಇನ್ನೊಂದು ಕಾಗದ ಬೇಕು: ಇಂಪ್ಲಾಂಟಿನ ಕಂಪನಿ, ಮಾಡೆಲ್, ದಪ್ಪ, ಉದ್ದ, ಲಾಟ್ ನಂಬರ್, ಹಾಕಿದ ತಾರೀಕು, ಯಾವ ಹಲ್ಲಿನ ಜಾಗ, ಕ್ಯಾಪ್ ಸ್ಕ್ರೂ ಹಾಕಿ ಕೂರಿಸಿದ್ದಾ ಸಿಮೆಂಟಿನಿಂದ ಅಂಟಿಸಿದ್ದಾ. ಇಂಪ್ಲಾಂಟ್ ಡಬ್ಬಿಯಲ್ಲಿ ಸ್ಟಿಕರ್ ಬರುತ್ತದೆ, ಅದನ್ನು ನಿಮ್ಮ ಫೈಲಿಗೆ ಅಂಟಿಸಿ ಕೊಡಲು ಕೇಳಿ. ಹತ್ತು ವರ್ಷ ಕಳೆದು ಸ್ಕ್ರೂ ಸಡಿಲವಾಗಿ ಬೇರೆ ಊರಿನ ಡಾಕ್ಟರ್ ಹತ್ತಿರ ಹೋದಾಗ ಯಾವ ಡ್ರೈವರ್ ಹಾಕಬೇಕು ಅನ್ನುವುದು ಇದರಿಂದಲೇ ಗೊತ್ತಾಗುವುದು.

ಎಲುಬು ಕಡಿಮೆ ಇದ್ದು ಗ್ರಾಫ್ಟ್, ಅಂದರೆ ಎಲುಬು ಬೆಳೆಸಲು ತುಂಬುವ ಪುಡಿ, ಹಾಕಿದ್ದರೆ ಅದೂ ಬರೆದಿರಲಿ. ಬಳಕೆಯಲ್ಲಿರುವ ಗ್ರಾಫ್ಟ್ ಪುಡಿಗಳಲ್ಲಿ ದನದ ಎಲುಬಿನಿಂದ ಮಾಡಿದ್ದೂ ಉಂಟು, ಪೂರ್ತಿ ಕೃತಕವಾದದ್ದೂ ಉಂಟು. ನಮ್ಮ ಊರಿನಲ್ಲಿ ಇದು ಅನೇಕರಿಗೆ ಮನಸ್ಸಿನ ವಿಷಯ, ಹಾಗಾಗಿ ಹಾಕುವ ಮೊದಲೇ ಸಂಕೋಚವಿಲ್ಲದೆ ಕೇಳಿ. ಕೇಳುವುದು ನಿಮ್ಮ ಹಕ್ಕು. ದನದ ಮೂಲದ ಪುಡಿ ಬಹಳ ನಿಧಾನ ಕರಗುತ್ತದೆ, ವರ್ಷಗಳ ನಂತರವೂ ಎಕ್ಸ್‌ರೇಯಲ್ಲಿ ಬಿಳಿ ಕಾಳುಗಳಾಗಿ ಕಾಣಬಹುದು. ಅದು ತಿಳಿಯದೆ ಹೊಸ ಡಾಕ್ಟರ್ ಗೊಂದಲ ಮಾಡಿಕೊಳ್ಳುವುದು ಬೇಡ ಅಲ್ವಾ.

ಮನೆಯಲ್ಲಿ ಮಾಡಬೇಕಾದದ್ದು

ಎಲುಬು ಸವೆಯಲು ಮುಖ್ಯ ಕಾರಣ ಇಂಪ್ಲಾಂಟಿನ ಸುತ್ತ ಕೂರುವ ಕೊಳೆ, ಅದರಲ್ಲಿನ ಬ್ಯಾಕ್ಟೀರಿಯಾ. ಮೊದಲು ಒಸಡು ಕೆಂಪಾಗಿ ಊದುತ್ತದೆ, ಮುಟ್ಟಿದರೆ ರಕ್ತ. ಈ ಹಂತದಲ್ಲಿ ಎಲುಬು ಇನ್ನೂ ಹೋಗಿರುವುದಿಲ್ಲ, ಚೆನ್ನಾಗಿ ಕ್ಲೀನ್ ಮಾಡಿದರೆ ವಾಪಸ್ ಸರಿಯಾಗುತ್ತದೆ. ಬಿಟ್ಟರೆ ಒಳಗೆ ಇಳಿದು ಎಲುಬು ಕರಗಿಸಲು ಶುರು ಮಾಡುತ್ತದೆ. ಅದಕ್ಕೆ ಪೆರಿ-ಇಂಪ್ಲಾಂಟೈಟಿಸ್ ಅನ್ನುತ್ತಾರೆ, ಮತ್ತು ಹೋದ ಎಲುಬು ತಾನಾಗಿ ವಾಪಸ್ ಬರುವುದಿಲ್ಲ.

ದಿನಕ್ಕೆರಡು ಸಲ ಮೆತ್ತಗಿನ ಬ್ರಷ್ ಹೇಗೂ ಬೇಕು. ಅದು ಸಾಲುವುದಿಲ್ಲ. ಇಂಪ್ಲಾಂಟಿನ ಕ್ಯಾಪ್ ಮೇಲೆ ಅಗಲ, ಒಸಡಿನ ಹತ್ತಿರ ಸಪೂರ, ಆ ಸಂದಿಗೆ ಮಾಮೂಲಿ ಬ್ರಷ್ ಹೋಗುವುದೇ ಇಲ್ಲ. ಹಲ್ಲಿನ ಸಂದಿಗೆ ಹಾಕುವ ಸಣ್ಣ ಇಂಟರ್‌ಡೆಂಟಲ್ ಬ್ರಷ್ ತೆಗೆದುಕೊಳ್ಳಿ. ಒಳಗಿನ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವಂಥದ್ದೇ ಬೇಕು. ಸೈಜ್ ಡಾಕ್ಟರ್ ಹತ್ತಿರ ನೋಡಿಸಿ: ತುರುಕಬೇಕಾದರೆ ದೊಡ್ಡದಾಯಿತು, ಏನೂ ತಾಗದೆ ಹೋದರೆ ಸಣ್ಣದಾಯಿತು. ರಾತ್ರಿ ಊಟ ಆದ ಮೇಲೆ ಕೆನ್ನೆ ಕಡೆಯಿಂದ ಹಾಕಿ ನಾಲ್ಕೈದು ಸಲ ಹಿಂದೆ ಮುಂದೆ ಮಾಡಿ, ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿ. ಬಿಳಿ ಕೊಳೆ ಬಂದರೆ ತೊಳೆದು ಮತ್ತೆ ಹಾಕಿ. ಮೂಸಿಯೂ ನೋಡಿ, ಬೇಸರ ಮಾಡಬೇಡಿ. ದಿನಾ ಕ್ಲೀನ್ ಆಗುವ ಜಾಗಕ್ಕೆ ವಾಸನೆ ಇರುವುದಿಲ್ಲ. ಕೆಟ್ಟ ವಾಸನೆ ಅಥವಾ ಬ್ರಷ್ಷಿನ ತುದಿಗೆ ಗುಲಾಬಿ ಬಣ್ಣ ಬಂದರೆ ಒಂದು ವಾರ ಇನ್ನೂ ಗಮನ ಕೊಟ್ಟು ಕ್ಲೀನ್ ಮಾಡಿ, ಆದರೂ ನಿಲ್ಲದಿದ್ದರೆ ತೋರಿಸಿ. ರಕ್ತ ಬಂತು ಅಂತ ಹೆದರಿ ಬ್ರಷ್ ಹಾಕುವುದನ್ನೇ ನಿಲ್ಲಿಸುವವರು ಬಹಳ. ಅಲ್ಲಿಂದಲೇ ಕೆಡುವುದು. ಕೀವು ಬಂದರೆ ಮಾತ್ರ ವಾರ ಕಾಯಬೇಡಿ, ಕೂಡಲೇ ಹೊರಡಿ.

ಇದ್ದಿಲು ಪುಡಿ, ಉಪ್ಪಿನ ಹರಳು, ಒರಟು ಹಲ್ಲುಪುಡಿ ಹಾಕಿ ತಿಕ್ಕಬೇಡಿ. ಸೂಜಿ, ಪಿನ್ನು ಹಾಕಿ ಕೆದಕಲೇಬೇಡಿ. ಬೂತಾಯಿ ಮೀನಿನ ಮುಳ್ಳೋ ಕೋರಿ ರೊಟ್ಟಿಯ ಚೂರೋ ಒಸಡಿನ ಒಳಗೆ ಸಿಕ್ಕಿಕೊಂಡು ಫ್ಲಾಸ್‌ನಲ್ಲಿ (ಸಂದಿ ಕ್ಲೀನ್ ಮಾಡುವ ದಾರ) ಬರದಿದ್ದರೆ ಡಾಕ್ಟರ್ ತೆಗೆಯಲಿ.

ಯಾರು ಹೆಚ್ಚು ಜಾಗ್ರತೆ ಮಾಡಬೇಕು

ಹಿಂದೆ ಒಸಡಿನ ಕಾಯಿಲೆಯಿಂದ ಹಲ್ಲು ಅಲ್ಲಾಡಿ ಹೋದವರು ಮೊದಲ ಸಾಲಿನಲ್ಲಿ. ಹಲ್ಲು ಹೋದರೂ ಆ ಬ್ಯಾಕ್ಟೀರಿಯಾ, ಆ ಶರೀರ ಗುಣ ಎರಡೂ ಅಲ್ಲೇ ಇರುತ್ತವೆ. ಉಳಿದವರಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಸಾಕಾದರೆ ಇವರಿಗೆ ಮೂರು ತಿಂಗಳಿಗೊಮ್ಮೆ ಒಳ್ಳೆಯದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಬೀಡಿ ಸಿಗರೇಟು ಸೇದುವವರು ಕೂಡ. ಸಕ್ಕರೆ ಕಾಯಿಲೆ ಇರುವವರು ತಪಾಸಣೆಗೆ ಬರುವಾಗ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ರಿಪೋರ್ಟ್ ತನ್ನಿ. ಇನ್ನು ಎಲೆ ಅಡಿಕೆ. ಹೊಗೆಸೊಪ್ಪು ಹಾಕಿದರೆ ಒಸಡಿಗೆ ನೇರ ಪೆಟ್ಟು. ಬರೀ ಅಡಿಕೆಯಾದರೂ ವರ್ಷಾನುಗಟ್ಟಲೆ ಜಗಿದರೆ ಕೆನ್ನೆಯ ಒಳಗೆ ಬಿಗಿದು ಬಾಯಿ ಸರಿಯಾಗಿ ತೆರೆಯಲು ಬಾರದು, ಹಿಂದಿನ ಇಂಪ್ಲಾಂಟಿಗೆ ಬ್ರಷ್ಷೂ ತಲುಪುವುದಿಲ್ಲ. ಊಟ ಆದ ಮೇಲೆ ಎಲೆ ಹಾಕುವ ಅಭ್ಯಾಸ ನಮ್ಮಲ್ಲಿ ಎಷ್ಟು ಹಳೆಯದು ಅಂತ ನನಗೂ ಗೊತ್ತು. ಆದರೂ ಬಿಡಿ ಅಂತಲೇ ಹೇಳುತ್ತೇನೆ.

ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಹಾಕಿ ಮಲಗುವ ನೈಟ್ ಗಾರ್ಡ್ ಬೇಕು. ಇಂಪ್ಲಾಂಟಿಗೆ ಒತ್ತಡ ಗೊತ್ತಾಗುವುದು ಕಡಿಮೆ ಅಂದೆನಲ್ಲ, ಹಾಗಾಗಿ ಸ್ಕ್ರೂ ಸಡಿಲವಾಗುವುದು, ಕ್ಯಾಪ್ ಒಡೆಯುವುದು ಇವರಲ್ಲಿ ಜಾಸ್ತಿ. ಸಿಮೆಂಟಿನಿಂದ ಅಂಟಿಸಿದ ಕ್ಯಾಪ್ ಇದ್ದರೆ ಒಸಡಿನ ಕೆಳಗೆ ಉಳಿದ ಸಿಮೆಂಟ್ ಚೂರು ವರ್ಷಗಳ ನಂತರವೂ ಉಪದ್ರ ಕೊಡಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಅದನ್ನೂ ನೋಡಲು ಹೇಳಿ.

ಮೈಯ ಎಲುಬು ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಔಷಧಿ ತೆಗೆದುಕೊಳ್ಳುವ ಅಮ್ಮಂದಿರು, ಅಜ್ಜಿಯಂದಿರು ದಯವಿಟ್ಟು ಗಮನಿಸಿ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆಯ ಝೋಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್, ಯಾವುದಿದ್ದರೂ ಹಲ್ಲಿನ ಡಾಕ್ಟರಿಗೆ ಹೇಳಲೇಬೇಕು. ಇವು ಎಲುಬು ಕರಗುವುದನ್ನು ತಡೆಯುತ್ತವೆ, ಅದರ ಜೊತೆ ಎಲುಬು ತನ್ನನ್ನು ದುರಸ್ತಿ ಮಾಡಿಕೊಳ್ಳುವುದೂ ನಿಧಾನವಾಗುತ್ತದೆ. ಅಪರೂಪಕ್ಕೆ ದವಡೆಯ ಗಾಯ ಮಾಯದೆ ಎಲುಬು ಹೊರಗೆ ಕಾಣುವುದು ಉಂಟು. ಕ್ಯಾನ್ಸರಿಗೆ ಹೆಚ್ಚು ಪ್ರಮಾಣದಲ್ಲಿ ಕೊಡುವಾಗ ಈ ಅಪಾಯ ಇನ್ನೂ ಜಾಸ್ತಿ. ಇದನ್ನು ಓದಿ ಔಷಧಿಯನ್ನು ನೀವೇ ನಿಲ್ಲಿಸಬೇಡಿ. ಡೆನೊಸುಮ್ಯಾಬ್ ಒಮ್ಮೆಲೇ ಬಿಟ್ಟರೆ ಬೆನ್ನಿನ ಎಲುಬು ಮುರಿಯುವ ಭಯ ಉಂಟು. ಇಬ್ಬರು ಡಾಕ್ಟರೂ ಮಾತಾಡಿಕೊಂಡು ತೀರ್ಮಾನ ಮಾಡಲಿ.

ಇಂಪ್ಲಾಂಟ್ ಸರಿ ಇದ್ದರೂ ಸುತ್ತಲಿನದ್ದು ಸರಿಯುತ್ತದೆ

ಇದನ್ನು ಮೊದಲೇ ಹೇಳದಿದ್ದರೆ ಆಮೇಲೆ ಜನರಿಗೆ ಬೇಸರವಾಗುತ್ತದೆ. ಸ್ವಂತ ಹಲ್ಲುಗಳು ದೊಡ್ಡವರಾದ ಮೇಲೂ ನಿಧಾನಕ್ಕೆ ಸರಿಯುತ್ತಲೇ ಇರುತ್ತವೆ, ದವಡೆಯೂ ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ಇಂಪ್ಲಾಂಟ್ ಮಾತ್ರ ಕೂರಿಸಿದ ಜಾಗದಲ್ಲೇ. ಹಾಗಾಗಿ ಕೆಲವು ವರ್ಷ ಕಳೆದ ಮೇಲೆ ಇಂಪ್ಲಾಂಟಿಗೂ ಅದರ ಮುಂದಿನ ಹಲ್ಲಿಗೂ ನಡುವೆ ಸಂದಿ ಬೀಳಬಹುದು. ಮೊದಲು ಸಿಕ್ಕದಿದ್ದ ಬಸಳೆ ನಾರು, ಮಾಂಸದ ಎಳೆ ಈಗ ದಿನಾ ಅಲ್ಲೇ ಸಿಕ್ಕುತ್ತದೆ ಅಂತ ಅನ್ನಿಸಿದರೆ ಇದೇ ಕಾರಣ ಇರಬಹುದು. ಸ್ಕ್ರೂ ಹಾಕಿದ ಕ್ಯಾಪ್ ಆದರೆ ಬಿಚ್ಚಿ, ಪಕ್ಕಕ್ಕೆ ಸೇರಿಸಿ ಮತ್ತೆ ಕೂರಿಸಲು ಸುಲಭ. ಮೇಲಿನ ಎದುರು ಹಲ್ಲಿನ ಜಾಗದಲ್ಲಿ ಇಂಪ್ಲಾಂಟ್ ಇದ್ದವರಿಗೆ ವರ್ಷಗಳ ನಂತರ ಅದು ಪಕ್ಕದ ಹಲ್ಲಿಗಿಂತ ಗಿಡ್ಡ ಕಾಣಬಹುದು. ಬೆಳೆಯುವ ಮಕ್ಕಳಿಗೆ ಇಂಪ್ಲಾಂಟ್ ಹಾಕದೆ ಬೆಳವಣಿಗೆ ಮುಗಿಯುವವರೆಗೆ ಕಾಯುವುದೂ ಇದಕ್ಕೇ. ಹದಿನೈದು ವರ್ಷದ ಮಗ ಬಿದ್ದು ಎದುರು ಹಲ್ಲು ಹೋಯಿತು, ಬೇಗ ಇಂಪ್ಲಾಂಟ್ ಹಾಕಿಸಿ ಅಂತ ಒತ್ತಾಯ ಮಾಡಬೇಡಿ.

ಸವೆತ ಕಂಡರೆ

ಇಂಪ್ಲಾಂಟ್ ಅಲ್ಲಾಡಿದ ಹಾಗೆ ಅನ್ನಿಸಿದರೆ ಮೊದಲು ನೋಡಬೇಕಾದದ್ದು, ಅಲ್ಲಾಡುವುದು ಕ್ಯಾಪಾ ಇಂಪ್ಲಾಂಟಾ ಅಂತ. ಹೆಚ್ಚಿನ ಸಲ ಒಳಗಿನ ಸ್ಕ್ರೂ ಸಡಿಲವಾಗಿರುತ್ತದೆ ಅಷ್ಟೇ. ಆ ಬದಿ ಜಗಿಯದೆ, ಕೈಯಿಂದ ತಿರುಗಿಸದೆ, ಮೇಲೆ ಹೇಳಿದ ಕಾಗದ ಹಿಡಿದುಕೊಂಡು ಹೋಗಿ.

ಪ್ರೋಬ್ ಹಾಕಿದಾಗ ರಕ್ತ ಅಥವಾ ಕೀವು, ಮೊದಲಿಗಿಂತ ಹೆಚ್ಚು ಆಳ, ಎಕ್ಸ್‌ರೇಯಲ್ಲಿ ಮೊದಲ ವರ್ಷದ ನಂತರವೂ ಎಲುಬು ಇಳಿದಿರುವುದು, ಈ ಮೂರೂ ಸೇರಿದರೆ ಪೆರಿ-ಇಂಪ್ಲಾಂಟೈಟಿಸ್ ಅಂತ ತೀರ್ಮಾನ. ಹಳೆಯ ದಾಖಲೆ ಏನೂ ಇಲ್ಲದವರಿಗೆ 2017ರ ಅಂತಾರಾಷ್ಟ್ರೀಯ ಕಾರ್ಯಾಗಾರದಲ್ಲಿ ಒಂದು ಅಳತೆ ಒಪ್ಪಿಕೊಂಡರು: ರಕ್ತದ ಜೊತೆ ಆಳ 6 ಮಿಲಿಮೀಟರ್ ಅಥವಾ ಹೆಚ್ಚು, ಎಲುಬು 3 ಮಿಲಿಮೀಟರ್ ಅಥವಾ ಹೆಚ್ಚು ಇಳಿದಿರಬೇಕು. ದಾಖಲೆ ಇದ್ದರೆ ಅಷ್ಟು ಹೋಗುವವರೆಗೆ ಕಾಯಬೇಕಾಗಿಲ್ಲ.

ಮೆಡಿಕಲ್‌ನಿಂದ ಐದು ದಿನದ ಆಂಟಿಬಯೋಟಿಕ್ ತಂದು ನುಂಗಿ ಸುಮ್ನೆ ಕೂರಬೇಡಿ. ಊತ ಇಳಿಯಬಹುದು, ತ್ರೆಡ್ಡಿಗೆ ಅಂಟಿದ ಕೊಳೆ ಅಲ್ಲೇ ಇರುತ್ತದೆ. ಮೊದಲು ಆಪರೇಷನ್ ಇಲ್ಲದೆ ಕ್ಲೀನ್ ಮಾಡುತ್ತಾರೆ, ಟೈಟಾನಿಯಂಗೆ ಗೀರು ಬೀಳದ ಉಪಕರಣ ಅಥವಾ ನಯವಾದ ಪುಡಿಯನ್ನು ಗಾಳಿ ನೀರಿನ ಜೊತೆ ಹಾಯಿಸುವ ಯಂತ್ರ ಬಳಸಿ. ಎರಡು ಮೂರು ತಿಂಗಳಿಗೆ ಮತ್ತೆ ಅಳೆದು, ಆಳ ಮತ್ತು ರಕ್ತ ಹಾಗೇ ಇದ್ದರೆ ಒಸಡು ಬಿಡಿಸಿ ಒಳಗಿಂದ ಕ್ಲೀನ್ ಮಾಡಬೇಕಾಗುತ್ತದೆ. ಗುಳಿಯ ಸುತ್ತ ಗೋಡೆ ಉಳಿದಿದ್ದರೆ ಗ್ರಾಫ್ಟ್ ತುಂಬಿ ಸ್ವಲ್ಪ ಎಲುಬು ವಾಪಸ್ ಪಡೆಯಬಹುದು. ಎಲುಬು ಸಮತಟ್ಟಾಗಿ ಇಳಿದಿದ್ದರೆ ಅದು ಕಷ್ಟ, ಅಲ್ಲಿ ಗುರಿ ಇದ್ದದ್ದನ್ನು ಉಳಿಸಿಕೊಳ್ಳುವುದು. ಒಸಡಿನ ವಿಶೇಷ ತಜ್ಞರು, ಪೆರಿಯೊಡಾಂಟಿಸ್ಟ್, ಈ ಕೆಲಸ ಮಾಡುತ್ತಾರೆ. ಮಣಿಪಾಲ, ದೇರಳಕಟ್ಟೆ, ಮಂಗಳೂರಿನ ಲೈಟ್ ಹೌಸ್ ಹಿಲ್ ರಸ್ತೆ, ಕುಂಟಿಕಾನ, ಈ ಎಲ್ಲಾ ಕಡೆಯ ಡೆಂಟಲ್ ಕಾಲೇಜುಗಳಲ್ಲಿ ಅದಕ್ಕೇ ಒಂದು ವಿಭಾಗ ಉಂಟು, ಎರಡನೇ ಅಭಿಪ್ರಾಯಕ್ಕೆ ಅಲ್ಲಿ ಹೋಗಬಹುದು. ಹಳೆಯ ಎಕ್ಸ್‌ರೇ ಎಲ್ಲಾ ಜೊತೆಗೆ ಒಯ್ಯಿರಿ.

ಇಂಪ್ಲಾಂಟೇ ಅಲ್ಲಾಡುತ್ತಿದ್ದರೆ ಎಲುಬಿನ ಹಿಡಿತ ಪೂರ್ತಿ ಬಿಟ್ಟಿದೆ ಅಂತ ಅರ್ಥ, ಅದನ್ನು ತೆಗೆಯಲೇಬೇಕು. ತಡ ಮಾಡಿದಷ್ಟೂ ಪಕ್ಕದ ಹಲ್ಲಿನ ಎಲುಬೂ ಹೋಗುತ್ತದೆ. ಗಾಯ ಮಾಗಲು ಕೆಲವು ತಿಂಗಳು ಬಿಟ್ಟು, ಬೇಕಾದರೆ ಗ್ರಾಫ್ಟ್ ಹಾಕಿ, ಅದೇ ಜಾಗಕ್ಕೆ ಇನ್ನೊಂದು ಹಾಕಬಹುದು. ಎರಡನೇ ಸಲ ಯಶಸ್ಸಿನ ಸಾಧ್ಯತೆ ಮೊದಲಿಗಿಂತ ಕಡಿಮೆ, ಹಾಗಾಗಿ ಹಾಕುವ ಮೊದಲು ಒಸಡು, ಸಕ್ಕರೆ, ಸಿಗರೇಟು ಮೂರನ್ನೂ ಸರಿ ಮಾಡಿಕೊಳ್ಳಿ. ಅದು ಆಗದಿದ್ದರೆ ಬ್ರಿಡ್ಜ್ ಅಥವಾ ತೆಗೆದು ಹಾಕುವ ಸೆಟ್ ಬಗ್ಗೆ ಕೇಳಿ. ಹೊಸ ಇಂಪ್ಲಾಂಟ್ ಹಾಕಿಸಿದರೆ ಅದಕ್ಕೂ ಕ್ಯಾಪ್ ಕೂರಿಸಿದ ದಿನವೇ ಒಂದು ಐಒಪಿಎ.